ಧಣಿಗಳ ಕೈಗೆ ಮೇಣದ ಬತ್ತಿ

ಕ್ರೈಸ್ತ ಸನ್ಯಾಸಿನಿ ಸಿಸ್ಟರುಗಳು ನಡೆಸುವ ಆ ಪುಟ್ಟ ನರ್ಸಿಂಗ್ ಕಾಲೇಜಿನಲ್ಲಿ ಹೊಸ ಹುಡುಗಿಯರು ಉರಿಯುವ ಮೇಣದ ಬತ್ತಿ ಹಿಡಿದು ಸೇವೆಯ ಪ್ರಮಾಣ ಮಾಡುವ ಪದ್ಧತಿ ಉಂಟು. ಪ್ರಮಾಣಕ್ಕೆ ಎರಡು ನಿಮಿಷ ಸಾಕು. ಆದರೆ ಅದಕ್ಕೆ ಮುಂಚೆ, ಕಟ್ಟಡ ಕಟ್ಟಿಸಿಕೊಟ್ಟ ಲಸ್ರಾದೊ ಧಣಿಗಳ ಭಾಷಣ ಆಗಬೇಕು. "ಬತ್ತಿ ಉರಿಯುತ್ತಲೇ ಇರಲಿ, ಫೋಟೋ ಚಂದ ಬರುತ್ತದೆ" ಎಂದು ಅವರ ಅಪ್ಪಣೆ. ಹೋದ ವರ್ಷ ಮೇಣ ಸುರಿದು ಹುಡುಗಿಯರ ಬೆರಳುಗಳಲ್ಲಿ ಬೊಬ್ಬೆ ಎದ್ದವು. ಇಬ್ಬರು ತಲೆಸುತ್ತಿ ಬಿದ್ದರು. ತಮ್ಮ ಮಾತು ಅಷ್ಟು ನಾಟಿತೆಂದುಕೊಂಡು ಧಣಿಗಳು ಇನ್ನೂ ಅರ್ಧ ಗಂಟೆ ಮಾತಾಡಿದರು.

ಆ ಬೊಬ್ಬೆಗಳಿಗೆ ಮುಲಾಮು ತಂದವನು ಕಾಲೇಜಿನ ಪ್ರಾರ್ಥನಾ ಮಂದಿರವಾದ ಚಾಪೆಲ್ ಗುಡಿಸುವ ಆಳು. ಅವನು ಮರೆತಿರಲಿಲ್ಲ. ಈ ಸಲ ವೇದಿಕೆ ಹತ್ತಿ ಕೈಮುಗಿದ.

"ಧಣೀ, ಮಕ್ಕಳ ಕೈಯಲ್ಲೆಲ್ಲ ದೀಪ, ನಿಮ್ಮದು ಬರಿಗೈ. ಫೋಟೋ ನೋಡಿದವರು ಏನು ಹೇಳಿಯಾರು?"

ಧಣಿಗಳಿಗೆ ಹೌದೆನ್ನಿಸಿತು. ಆಳು ಹಚ್ಚಿ ಕೊಟ್ಟದ್ದು ಚಾಪೆಲಿನ ಬೆಳಗಿನ ಪೂಜೆಯಲ್ಲಿ ಉರಿದು ಉಳಿದ ಮೋಟು ಬತ್ತಿ.

"ಮಕ್ಕಳೇ, ಸೇವೆಯೆಂದರೆ ಈ ಬತ್ತಿಯ ಹಾಗೆ ಪರರಿಗಾಗಿ ಉರಿಯುವುದು. ನೋವಾದರೂ ನಗುತ್ತಿರಬೇಕು..."

ಬಿಸಿ ಮೇಣ ಹೆಬ್ಬೆರಳಿಗಿಳಿಯಿತು. ಎದುರಿಗೆ ಕ್ಯಾಮೆರಾ, ಬತ್ತಿ ಬಿಡುವ ಹಾಗಿಲ್ಲ. ನಗುತ್ತಲೇ ಕೈ ಬದಲಿಸಿದರು. ಆ ಕೈಗೂ ಬಿತ್ತು.

"ಇಷ್ಟು ಹೇಳಿ ನನ್ನ ಎರಡು ಮಾತು ಮುಗಿಸುತ್ತೇನೆ!"

ಜನ್ಮದಲ್ಲಿ ಮೊದಲ ಸಲ ಅದು ನಿಜಕ್ಕೂ ಎರಡೇ ಮಾತಾಗಿತ್ತು.

ಬೆರಳು ಊದುತ್ತ ಇಳಿದು ಬಂದವರ ಕೈಯಿಂದ ಬತ್ತಿ ತೆಗೆದುಕೊಳ್ಳುತ್ತ ಆಳು ತುಂಬ ವಿನಯದಿಂದ ಹೇಳಿದ:

"ಬತ್ತಿ ಇನ್ನೂ ಬಾಕಿ ಉಂಟಲ್ಲ ಧಣೀ. ಪರರಿಗಾಗಿ ಇನ್ನೊಂದಿಷ್ಟು ಉರಿಯಬಹುದಿತ್ತು."