ಹೆಣ್ಣು ನೋಡಲು ಚೈನೀಸ್ ಊಟಕ್ಕೆ ಹೋದ ಕಾಂತು

ಮೈಸೂರಿನಲ್ಲಿ ಚೆಲುವಾಜಮ್ಮಣ್ಣಿಯವರ ಮನೆತನವೆಂದರೆ ಸಾಮಾನ್ಯದ್ದಲ್ಲ. ಮುತ್ತಾತ ಅರಮನೆಯ ಆನೆಲಾಯ ನೋಡಿಕೊಂಡವರು. ತಾತನಿಗೆ ದಸರಾ ದರ್ಬಾರಿನಲ್ಲಿ ಕುರ್ಚಿಯಿತ್ತು. ತಂದೆ ಮಗಳನ್ನು ಕಾನ್ವೆಂಟಿಗೆ ಕಳಿಸಿ, ಬೆನ್ನು ನೆಟ್ಟಗಿಟ್ಟು ಕೂರುವುದನ್ನೂ ಸದ್ದಾಗದಂತೆ ಸೂಪು ಕುಡಿಯುವುದನ್ನೂ ಕಲಿಸಿದವರು. ಇಷ್ಟೆಲ್ಲ ಇದ್ದ ಮನೆಗೆ ದೇವರು ಕೊಟ್ಟದ್ದು ಒಬ್ಬನೇ ಮಗ. ಹೆಸರು ಲಕ್ಷ್ಮೀಕಾಂತರಾಜೇ ಅರಸ್, ಮನೆಯಲ್ಲಿ ಕಾಂತು. ನೋಡಲು ಲಕ್ಷಣವಾಗಿದ್ದ. ಬುದ್ಧಿ ಮಾತ್ರ ಹೇಳಿದಷ್ಟೇ, ಅದರ ಮೇಲೆ ಒಂದೆಳ್ಳು ಹೆಚ್ಚಿಲ್ಲ.

"ಹಾಲು ನೋಡ್ತಿರು" ಅಂದರೆ, ಉಕ್ಕಿ ಒಲೆ ಆರುವವರೆಗೂ ನೋಡುತ್ತ ನಿಲ್ಲುವವನು.

"ಯಾಕೋ ಹೀಗೆ ಮಾಡ್ದೆ?"

"ನೀವೇ ಹೇಳಿದ್ದಲ್ವಾ ಅಮ್ಮ, ನೋಡ್ತಿರು ಅಂತ."

ಹೆಣ್ಣು ಕೊಡಲು ಬಂದವರೆಲ್ಲ ಕಾಂತು ಬಾಯಿ ಬಿಟ್ಟ ಮೇಲೆ ಹಿಂದೆ ಸರಿದರು. ತನ್ನ ಕಾಲವಾದ ಮೇಲೆ ಇವನಿಗೆ ಅನ್ನ ಹಾಕುವವರು ಯಾರು ಎಂಬ ಯೋಚನೆ ಅಮ್ಮಣ್ಣಿಯವರನ್ನು ಒಳಗೊಳಗೇ ತಿನ್ನುತ್ತಿತ್ತು. ಕೊನೆಗೊಂದು ಸಂಬಂಧ ಬಂತು, ದೇಪರಾಜೇ ಅರಸರ ಮಗಳು ರೂಪವಾಣಿ. "ಮಾಲಿನಲ್ಲಿ ದೊಡ್ಡ ಚೈನೀಸ್ ಹೋಟೆಲಿದೆ, ಊಟ ಮಾಡ್ತಾ ಮಾತಾಡೋಣ" ಎಂದು ಅವರೇ ಹೇಳಿ ಕಳಿಸಿದರು.

ಹಿಂದೊಮ್ಮೆ ಹೆಣ್ಣಿನ ಮನೆಯ ದೇವರ ಕೋಣೆಗೆ ಕಾಂತು ಬೂಟು ಹಾಕಿಕೊಂಡೇ ನುಗ್ಗಿದ್ದ. ಅದಕ್ಕೇ ಅಮ್ಮಣ್ಣಿಯವರು ಹೊರಡುವಾಗ ಹೇಳಿದರು, "ದೊಡ್ಡ ಜಾಗಕ್ಕೆ ಹೋದಾಗ ಬೂಟು ಬಾಗಿಲಲ್ಲೇ ಬಿಡಬೇಕು. ತಿಳೀತಾ?"

"ತಿಳೀತು."

ತಿಳಿದೇ ಇತ್ತು. ಹೋಟೆಲಿನ ಬಾಗಿಲಲ್ಲಿ ಎರಡು ಕಲ್ಲಿನ ಸಿಂಹಗಳಿದ್ದವು. ಒಂದೊಂದರ ಮುಂದೆ ಒಂದೊಂದು ಬೂಟು ಬಿಟ್ಟು, ಕಾಂತು ಕಾಲುಚೀಲದಲ್ಲಿ ನಡೆದು ಒಳಗೆ ಬಂದ. ಬೂಟುಗಳೆರಡನ್ನೂ ಹಿಡಿದುಕೊಂಡು ಕಾವಲಿನವನು ಹಿಂದೆಯೇ ಓಡಿ ಬಂದ. ಮಗಳೊಡನೆ ಒಳಗೆ ಕಾಯುತ್ತಿದ್ದ ದೇಪರಾಜೇ ಅರಸರು ಕಾಂತುವಿನ ಕಾಲು ನೋಡಿದರು. ಅಮ್ಮಣ್ಣಿಯವರು ಹಲ್ಲು ಕಚ್ಚಿಕೊಂಡು ಮಗನ ಕಿವಿಯಲ್ಲಿ ಹೇಳಿದರು, "ಹಾಕ್ಕೋ ಮೊದಲು. ಇಲ್ಲಿ ಏನನ್ನೂ ಬಿಟ್ಟುಕೊಡಬಾರದು. ಜೊತೇಲೇ ಇಟ್ಕೋಬೇಕು."

"ಆಗಲಿ ಅಮ್ಮ."

ಎಲ್ಲರೂ ಕೂತರು. ಮಾಣಿ ಕೈ ಒರೆಸಿಕೊಳ್ಳಲು ಹಬೆಯಾಡುವ ಒದ್ದೆ ಟವೆಲಿನ ಸುರುಳಿಗಳನ್ನು ಕೊಟ್ಟ. ಎಲ್ಲರೂ ಒರೆಸಿಕೊಂಡು ವಾಪಸು ಕೊಟ್ಟರು. ಕಾಂತು ತನ್ನದನ್ನು ಕೋಟಿನ ಜೇಬಿಗೆ ತುರುಕಿದ.

"ಸರ್, ಟವೆಲು?"

"ಕೊಡಲ್ಲ."

ಜೇಬಿನಿಂದ ನೀರು ತೊಟ್ಟಿಕ್ಕಿ ಕೆಂಪು ರತ್ನಗಂಬಳಿ ನೆನೆಯಿತು. ಅಮ್ಮಣ್ಣಿಯವರು ತಾವೇ ಜೇಬಿಗೆ ಕೈ ಹಾಕಿ ಟವೆಲು ಎಳೆದುಕೊಟ್ಟರು. "ಮಾನ ಕಳೀತಿದ್ದೀಯ. ಎದುರಿಗೆ ಬಂದದ್ದನ್ನ ಇಟ್ಕೋಬಾರದು. ಮುಂದಿನವರಿಗೆ ಕಳಿಸಬೇಕು."

"ಆಗಲಿ ಅಮ್ಮ."

ಮೇಜಿನ ನಡುವೆ ತಿರುಗುವ ಗಾಜಿನ ಚಕ್ರವಿತ್ತು. ಮಾಣಿ ಅದರ ಮೇಲೆ ಕೋಳಿ, ಮೀನು, ನೂಡಲ್ಸ್ ಎಲ್ಲ ಇಟ್ಟ. ಕೋಳಿ ಕಾಂತುವಿನ ಎದುರಿಗೆ ಬಂತು, ತಳ್ಳಿದ. ಮೀನು ಬಂತು, ತಳ್ಳಿದ. ದೇಪರಾಜೇ ಅರಸರು ಚಮಚ ಚಾಚಿದರೆ ನೂಡಲ್ಸ್ ಓಡಿಹೋಯಿತು. ಕಾಂತು ತನ್ನ ಎದುರಿಗಿದ್ದ ತಟ್ಟೆಯನ್ನೂ ಚಕ್ರಕ್ಕೆ ಹಾಕಿ ಕಳಿಸಿದ. ಅಮ್ಮ ಮೇಜಿನ ಮೇಲೆ ತೆಗೆದಿಟ್ಟಿದ್ದ ಕನ್ನಡಕವನ್ನೂ ಕಳಿಸಿದ. ಕೋಳಿಯ ಬೆನ್ನ ಹಿಂದೆ ಕನ್ನಡಕ ಮೆರವಣಿಗೆ ಹೊರಟಿತು.

ರೂಪವಾಣಿ ಅದನ್ನು ಹಿಡಿದುಕೊಂಡಳು. ಹಿಡಿದವಳು ನಕ್ಕಳು. ಬಾಯಿಗೆ ಸೆರಗು ಅಡ್ಡ ಹಿಡಿದರೂ ನಗು ನಿಲ್ಲಲಿಲ್ಲ.

ಅಮ್ಮಣ್ಣಿಯವರಿಗೆ ಆ ನಗು ಚಾಟಿಯೇಟಿನಂತಿತ್ತು. ಮಗನನ್ನು ಮೀನಿನ ತೊಟ್ಟಿಯ ಪಕ್ಕಕ್ಕೆ ಎಳೆದುಕೊಂಡು ಹೋದರು. "ಕಾಂತು, ಇದೇ ಕೊನೆ ಸಂಬಂಧ. ನನಗೂ ಸಾಕಾಗಿದೆ. ಸುಮ್ಮನೆ ಕೂತಿರು. ಕೇಳಿದ್ದಕ್ಕೆಲ್ಲ ಹೂಂ ಅನ್ನೋದು ಹಸಿದವರ ಲಕ್ಷಣ. ಯಾರೇನು ಕೇಳಿದ್ರೂ ಮೊದಲ ಸಲ ಬೇಡ ಅನ್ನು. ಎರಡನೇ ಸಲವೂ ಬೇಡ ಅನ್ನು. ಮೂರನೇ ಸಲ ಒಪ್ಪಿಕೋ. ಮರ್ಯಾದಸ್ಥರು ಮೂರನೇ ಸಲ ಕೇಳೇ ಕೇಳ್ತಾರೆ."

"ಆಗಲಿ ಅಮ್ಮ."

ಮಾಣಿ ಬಂದ. "ಫ್ರೈಡ್ ರೈಸ್ ಹಾಕಲಾ ಸರ್?"

"ಬೇಡ."

ಮಾಣಿ ಹೋದ. ಹಸಿದುಕೊಂಡೇ ಕಾಂತು ಗಂಭೀರವಾಗಿ ಕೂತ. ಸದ್ಯ, ಒಂದಾದರೂ ತಲೆಗೆ ಹತ್ತಿತು ಎಂದು ಅಮ್ಮಣ್ಣಿಯವರು ಉಸಿರು ಬಿಟ್ಟರು.

ದೇಪರಾಜೇ ಅರಸರು ಗಂಟಲು ಸರಿಮಾಡಿಕೊಂಡರು. "ಅಮ್ಮಣ್ಣಿಯವರೇ, ಬಂದ ಗಂಡುಗಳ ಮುಂದೆಲ್ಲ ಇವಳು ಮುಖ ಗಂಟು ಹಾಕ್ಕೊಂಡೇ ಕೂತಿದ್ಲು. ಇವತ್ತು ನಕ್ಕಿದ್ದಾಳೆ. ಹುಡುಗನಲ್ಲಿ ಕಪಟವಿಲ್ಲ, ನಮಗಷ್ಟು ಸಾಕು." ಆಮೇಲೆ ಕಾಂತುವಿನ ಕಡೆ ತಿರುಗಿದರು. "ಏನಪ್ಪಾ, ನಮ್ಮ ರೂಪವಾಣೀನ ಮದುವೆಯಾಗ್ತೀಯಾ?"

"ಬೇಡ."

ಅಮ್ಮಣ್ಣಿಯವರು ಮೇಜಿನಡಿಯಲ್ಲಿ ಮಗನ ಕಾಲು ತುಳಿದರು. ಕಾಂತು ಕಾಲನ್ನು ಹಿಂದಕ್ಕೆಳೆದುಕೊಂಡ.

"ಯೋಚನೆ ಮಾಡಿ ಹೇಳಪ್ಪ. ಅವಳು ಒಪ್ಪಿದ್ದಾಳೆ. ನಿನಗೆ ಇಷ್ಟವಿಲ್ವಾ?"

ಕಾಂತು ರೂಪವಾಣಿಯನ್ನು ನೋಡಿದ. ಅಷ್ಟು ಅಕ್ಕರೆಯಿಂದ ಅವನು ಯಾರನ್ನೂ ನೋಡಿದ್ದಿಲ್ಲ. "ಬೇಡ" ಅಂದ. ಅಂದವನು ಮೂರನೇ ಮಾತಿಗಾಗಿ ಮುಂದಕ್ಕೆ ಬಾಗಿ, ಬಾಯಿ ತೆರೆದುಕೊಂಡೇ ಕಾದ.

ಅಮ್ಮಣ್ಣಿಯವರಿಗೆ ಎಲ್ಲ ಅರ್ಥವಾಯಿತು. ಒಂದೇ ಒಂದು ಮಾತು ಸಾಕಿತ್ತು: ನನ್ನ ಮಗ ಪೆದ್ದ, ನಾನು ಹೇಳಿಕೊಟ್ಟದ್ದನ್ನೇ ಒಪ್ಪಿಸುತ್ತಿದ್ದಾನೆ, ಇನ್ನೊಮ್ಮೆ ಕೇಳಿ. ಆದರೆ ಆನೆಲಾಯದ ಮುತ್ತಾತ, ಕುರ್ಚಿಯ ತಾತ, ಕಾನ್ವೆಂಟಿಗೆ ಕಳಿಸಿದ ತಂದೆ, ಎಲ್ಲರೂ ಸೇರಿ ಅವರ ನಾಲಿಗೆ ಹಿಡಿದುಕೊಂಡರು.

ರೂಪವಾಣಿ ಮೆಲ್ಲಗೆ ಎದ್ದಳು. ತಂದೆಯೂ ಎದ್ದರು. ಕೈಮುಗಿದು ಬಾಗಿಲ ಕಡೆ ನಡೆದರು.

"ಅಮ್ಮ, ಅವರು ಇನ್ನೊಂದು ಸಲ ಕೇಳಲೇ ಇಲ್ಲ" ಎಂದ ಕಾಂತು. ಅವನ ಕಣ್ಣು ತುಂಬಿತ್ತು.

ಅಮ್ಮಣ್ಣಿಯವರು ಎದ್ದು ನಿಂತರು. ಬೆನ್ನು ನೆಟ್ಟಗಿತ್ತು.

"ಅರಸರೇ, ಸ್ವಲ್ಪ ನಿಲ್ಲಿ."

ದೇಪರಾಜೇ ಅರಸರು ಆಸೆಯಿಂದ ತಿರುಗಿದರು. ರೂಪವಾಣಿಯೂ ತಿರುಗಿದಳು.

"ನಮ್ಮ ಮನೆತನದಲ್ಲಿ ಎರಡೇ ಸಲ ಕೇಳಿ ಎದ್ದು ಹೋದವರನ್ನ ನಾವು ಕಂಡಿಲ್ಲ. ನೀವು ಮೂರನೇ ಸಲ ಕೇಳಲಿಲ್ಲ. ನಮ್ಮಲ್ಲಿ ಕ್ಷಮೆ ಕೇಳಿ."