ಕಾಗೆ ಇಟ್ಟ ಹೆಂಚಿನ ಚೂರು

ಅಂಗಳದಲ್ಲಿ ಕಡಲೆಕಾಯಿ ಹೂತ ಕಾಗೆ, ಗುರುತಿಗೆ ಹೆಂಚಿನ ಚೂರಿಟ್ಟು ದಿನವೂ ಬೇಲಿಯ ಮೇಲಿಂದ ಅದನ್ನೇ ನೋಡುತ್ತಿತ್ತು. ಅಲ್ಲೇ ಅಳಿಲೊಂದು ತಾನು ಹೂತ ಕಾಯನ್ನು ದಿನವೂ ಕಣ್ಣುಮುಚ್ಚಿ ಹುಡುಕುತ್ತಿತ್ತು. ಎಷ್ಟೋ ಸಲ ತಪ್ಪು ಜಾಗ ಕೆದರಿ, ಕೊನೆಗೆ ಸಿಕ್ಕಿದ್ದನ್ನು ಮತ್ತೆ ಅಲ್ಲೇ ಹೂಳುತ್ತಿತ್ತು.

ಕಾಗೆಗೆ ಅನುಮಾನ ಬಂತು. ತನ್ನದೇ ಗಂಟನ್ನು ಯಾರಾದರೂ ಹೀಗೆ ತಡಕಾಡುತ್ತಾರೆಯೇ?

"ಏನೋ ಕಳ್ಳಾಟ ನಡೆಸಿದ್ದೀಯ. ಮಣ್ಣಿನ ಮೇಲೆ ನಂಬಿಕೆಯಿಲ್ಲವೇ?"

"ಮಣ್ಣಿನ ಮೇಲಿದೆ. ನನ್ನ ನೆನಪಿನ ಮೇಲಿಲ್ಲ," ಎಂದಿತು ಅಳಿಲು.

ಹಬ್ಬ ಬಂತು. ಮನೆಯವರು ಅಂಗಳ ಗುಡಿಸಿ, ಚೂರನ್ನು ಆಚೆ ಎಸೆದು, ನೆಲಕ್ಕೆಲ್ಲ ಸಗಣಿ ಸಾರಿಸಿದರು. ಅಳಿಲು ನೆಟ್ಟಗೆ ಹೋಗಿ ಒಂದೇ ಕಡೆ ಬಗೆದು ಕಾಯಿ ತೆಗೆಯಿತು.

"ಕಳ್ಳ! ಅದು ನನ್ನದು!" ಎಂದು ಕಾಗೆ ಎರಗಿತು.

"ನಿನ್ನದನ್ನು ಎಲ್ಲಿ ಹೂತಿದ್ದೆ, ತೋರಿಸು."

ಕಾಗೆ ಸಾರಿಸಿದ ಅಂಗಳವನ್ನೆಲ್ಲ ನೋಡಿತು. ಆಮೇಲೆ ತನ್ನ ಹೆಂಚಿನ ಚೂರನ್ನು ಹುಡುಕಲು ಬೇಲಿಯಾಚೆ ಹಾರಿತು.