ಕರಿಬೇವಿನ ಹಸಿರು ಕದ್ದವರು ಯಾರು?

ಹತ್ತಿರ ಬನ್ನಿ. ಬಾಯಿಂದ ಬೆಟ್ಟು ತೆಗೀರಿ. ಹೂಂ ಅಂತಾ ಕೇಳಿ.

ಒಂದೂರಲ್ಲಿ ಚೆಲುವಜ್ಜಿ ಅಂತ ಒಬ್ಬಳು ಅಜ್ಜಿ. ಅಜ್ಜಿಯ ಹಿತ್ತಲಲ್ಲಿ ಒಂದು ಕರಿಬೇವಿನ ಗಿಡ. ಬೀದಿಗೆಲ್ಲ ಅದೊಂದೇ ಗಿಡ. ಅದಕ್ಕೇ ಅಜ್ಜಿಗೆ ಒಂಚೂರು ಜಂಬ.

ಒಂದು ಬೆಳಿಗ್ಗೆ ಪಕ್ಕದ ಮನೆ ಮಾದೇವಿ ಕರಿಬೇವು ಕೇಳೋಕೆ ಬಂದಳು. "ಇದೇನಜ್ಜಿ, ಗಿಡಕ್ಕೆ ಅರಿಶಿನ ಹಚ್ಚಿದ್ದೀರಾ? ಮದುವೆನಾ?"

ಅಜ್ಜಿ ನೋಡಿದಳು. ಚಿಗುರೆಲ್ಲ ಹಳದಿ! ಹಸಿರೇ ಇಲ್ಲ! ಅಜ್ಜಿಗೆ ಅಳು ಬಂತು. ಕರಿಬೇವು ಹೋದರೆ ಒಗ್ಗರಣೆ ಹೇಗೆ?

"ಅಯ್ಯೋ, ನನ್ನ ಹಸಿರನ್ನ ಯಾರೋ ಕದ್ದರು!"

ಅಜ್ಜಿ ಚಿಗುರನ್ನು ಕೇಳಿದಳು. "ಚಿಗುರಮ್ಮ ಚಿಗುರಮ್ಮ, ಹಸಿರಾಗು."

"ಆಗಲ್ಲ ಅಜ್ಜಿ. ಹಸಿರಾಗೋಕೆ ಒಂದು ಚಿಟಿಕೆ ಕಬ್ಬಿಣ ಬೇಕು."

"ಕಬ್ಬಿಣವಾ? ನೀನೇನು ಕುಲುಮೆ ಇಟ್ಟಿದ್ದೀಯಾ? ಬುಡದಲ್ಲಿ ಒಂದು ಹಳೇ ಎಲೆ ಇನ್ನೂ ಹಸಿರಾಗಿದೆಯಲ್ಲ, ಅದನ್ನ ಕೇಳು."

"ಅದರ ಕಬ್ಬಿಣ ಅದರ ಮೈಗೇ ಅಂಟಿದೆ. ಹೊಸದನ್ನ ಬೇರು ತರಬೇಕು. ತರ್ತಾ ಇಲ್ಲ."

ಅಜ್ಜಿ ಬೇರಿನ ಹತ್ತಿರ ಹೋದಳು. "ಬೇರಣ್ಣ ಬೇರಣ್ಣ, ಕಬ್ಬಿಣ ತಾ. ಬೇರು ತಾರದು, ಚಿಗುರು ಹಸಿರಾಗದು!"

"ಮಣ್ಣು ಕೊಟ್ಟರೆ ತಾನೆ ತರೋದು? ಮುಷ್ಟಿ ಬಿಗಿ ಹಿಡಿದಿದೆ. ನಾನು ಕೂದಲಿನಂಥ ಎಳೆ ಬಿಟ್ಟು ತಡಕಿದೆ. ನನ್ನದೇ ಹುಳಿನೀರು ಉಗುಳಿ ಉಗುಳಿ ನೆನೆಸಿದೆ. ಬಾಯಿ ಒಣಗಿತು ಅಜ್ಜಿ!"

ಪಾಪ, ಬೇರು ಸುಮ್ಮನೆ ಕೂತಿರಲಿಲ್ಲ.

ಅಜ್ಜಿ ಮಣ್ಣಿನ ಹತ್ತಿರ ಹೋದಳು. "ಮಣ್ಣಕ್ಕ ಮಣ್ಣಕ್ಕ, ಮುಷ್ಟಿ ಬಿಚ್ಚು. ಮಣ್ಣು ಬಿಚ್ಚದು, ಬೇರು ತಾರದು, ಚಿಗುರು ಹಸಿರಾಗದು!"

"ಹೇಗೆ ಬಿಚ್ಚಲಿ? ಸುಣ್ಣ ನನ್ನ ಕೈ ಹಿಡಿದಿದೆ. ಬೇರಿನ ಹುಳಿನೂ ಅದೇ ಕುಡಿಯುತ್ತೆ."

ಅಜ್ಜಿ ಸುಣ್ಣದ ಹತ್ತಿರ ಹೋದಳು. "ಸುಣ್ಣಪ್ಪ ಸುಣ್ಣಪ್ಪ, ಕೈ ಬಿಡು. ಸುಣ್ಣ ಬಿಡದು, ಮಣ್ಣು ಬಿಚ್ಚದು, ಬೇರು ತಾರದು, ಚಿಗುರು ಹಸಿರಾಗದು!"

"ನಾನೇನು ನಡಕೊಂಡು ಬಂದೆನಾ? ಗೋಡೆಗೆ ಸುಣ್ಣ ಬಳಿದು, ಬಕೆಟ್ಟು ತೊಳೆದು, ನೀರನ್ನೆಲ್ಲ ಈ ಬುಡಕ್ಕೇ ಸುರಿದೋರು ಯಾರು?"

ಯಾರು ಮಕ್ಕಳೇ? ಅಜ್ಜಿ ಆಕಾಶ ನೋಡಿದಳು. ಕಾಗೆ ಎಣಿಸಿದಳು.

"ಆದದ್ದಾಯ್ತು. ಈಗೇನು ಮಾಡಲಿ?"

"ಹುಳಿ ಮಜ್ಜಿಗೆ ಹುಯ್ಯಜ್ಜಿ. ಕೈ ಬಿಡ್ತೀನಿ."

ಅಜ್ಜಿ ಮಜ್ಜಿಗೆಯ ಹತ್ತಿರ ಹೋದಳು. "ಮಜ್ಜಿಗೆಯಮ್ಮ ಮಜ್ಜಿಗೆಯಮ್ಮ, ಹುಳಿಯಾಗು. ಮಜ್ಜಿಗೆ ಹುಳಿಯಾಗದು, ಸುಣ್ಣ ಬಿಡದು, ಮಣ್ಣು ಬಿಚ್ಚದು, ಬೇರು ತಾರದು, ಚಿಗುರು ಹಸಿರಾಗದು!"

"ಹುಳಿಯಾಗೋಕೆ ಮೂರು ದಿನ ಕೂರಬೇಕು. ಬೆಳಿಗ್ಗೆ ಒಂದು ಲೋಟ, ಮಧ್ಯಾಹ್ನ ಎರಡು ಲೋಟ, ಸಂಜೆ ತಳ ಬಳಿದು ಇನ್ನೊಂದು ಲೋಟ. ನಿನ್ನ ನಾಲಿಗೆ ಬಿಟ್ಟರೆ ತಾನೆ?"

ಅಜ್ಜಿ ನಾಲಿಗೆ ಚಾಚಿ ಕನ್ನಡಿ ಮುಂದೆ ನಿಂತಳು. "ನಾಲಿಗೆ ನಾಲಿಗೆ, ಮೂರು ದಿನ ಮಜ್ಜಿಗೆ ಬಿಡು. ನಾಲಿಗೆ ಬಿಡದು, ಮಜ್ಜಿಗೆ ಹುಳಿಯಾಗದು, ಸುಣ್ಣ ಬಿಡದು, ಮಣ್ಣು ಬಿಚ್ಚದು, ಬೇರು ತಾರದು, ಚಿಗುರು ಹಸಿರಾಗದು!"

"ಬಿಡಲ್ಲ!" ಅಂತು ನಾಲಿಗೆ.

ಇನ್ಯಾರನ್ನ ಕೇಳೋದು? ಯಾರೂ ಉಳಿದಿಲ್ಲ. ಅಜ್ಜಿ ಒಳಗೆ ಹೋಗಿ ಕರಿಬೇವಿಲ್ಲದ ಒಗ್ಗರಣೆ ಹಾಕಿ ಸಾರು ಮಾಡಿದಳು. ನಾಲಿಗೆಗೆ ಒಂದು ತೊಟ್ಟು ಇಟ್ಟಳು.

"ಥೂ, ಸಪ್ಪೆ!"

"ಮೂರು ದಿನ ಮಜ್ಜಿಗೆ ಬಿಡ್ತೀಯೋ? ವರ್ಷವೆಲ್ಲ ಸಪ್ಪೆ ಸಾರು ತಿಂತೀಯೋ?"

ನಾಲಿಗೆ ಹಲ್ಲು ಸವರಿತು. ತುಟಿ ಸವರಿತು. "ಆಗಲಿ," ಅಂತು.

ಮೊದಲ ದಿನ ಅಜ್ಜಿ ಮಜ್ಜಿಗೆ ಗಡಿಗೆಯನ್ನೇ ನೋಡುತ್ತಾ ಕೂತಳು. ಎರಡನೇ ದಿನ ಗಡಿಗೆಗೆ ಬೆನ್ನು ಹಾಕಿ ಕೂತಳು. ಮೂರನೇ ದಿನ ಮನೆಗೆ ಬೀಗ ಹಾಕಿ ಬೀದಿಯಲ್ಲೇ ಕೂತಳು!

ನಾಲಿಗೆ ಮಜ್ಜಿಗೆ ಬಿಟ್ಟಿತು. ಮಜ್ಜಿಗೆ ಹುಳಿಯಾಯಿತು. ಅಜ್ಜಿ ಅದನ್ನ ಗಿಡದ ಬುಡಕ್ಕೆ ಹುಯ್ದಳು. ಸುಣ್ಣ ಕೈ ಬಿಟ್ಟಿತು. ಮಣ್ಣು ಮುಷ್ಟಿ ಬಿಚ್ಚಿತು. ಬೇರು ಕಬ್ಬಿಣ ತಂದಿತು. ಇವತ್ತು ಒಂಚೂರು, ನಾಳೆ ಒಂಚೂರು, ಚಿಗುರು ಹಸಿರಾಯಿತು!

ಮಾದೇವಿ ಬಂದಳು. "ಹಸಿರು ಸಿಕ್ತಲ್ಲ ಅಜ್ಜಿ! ಕಳ್ಳ ಯಾರು?"

"ಹಿಡಿ, ಇನ್ನೆರಡೆಸಳು ಹಿಡಿ," ಅಂದಳು ಅಜ್ಜಿ. "ಕಳ್ಳನ ಮಾತು ಈಗ್ಯಾಕೆ?"

ಒಗ್ಗರಣೆ ಚಟಪಟ ಅಂತು. ಕಥೆ ಕೇಳಿದೋರೆಲ್ಲ ಊಟಕ್ಕೆ ಏಳಿ.